ಪರದೇಶಿಯ ಮೊದಲ ವಾರ

ದೀಪಾವಳಿ ಮುಗಿದು ಹಿಂಗಾರಿ ಮಳೆ ಕೈಕೊಟ್ಟ ವರ್ಷಗಳಲ್ಲಿ ರಾಮದುರ್ಗ, ಸವದತ್ತಿ, ಬೈಲಹೊಂಗಲದ ಬಸ್ ನಿಲ್ದಾಣಗಳಲ್ಲಿ ಸಂಜೆಯ ಹೊತ್ತು ಒಂದೇ ಬಗೆಯ ಗಂಟುಗಳು ಕಾಣಿಸಿಕೊಳ್ಳುತ್ತವೆ. ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ, ಒಂದು ಕೌದಿ, ನಾಲ್ಕಾರು ಪಾತ್ರೆ, ಬಾಯಿಗೆ ಅರಿವೆ ಕಟ್ಟಿದ ಹಿಟ್ಟಿನ ಚೀಲ, ಒಂದು ಪ್ಲಾಸ್ಟಿಕ್ ಕೊಡ. ಗಂಟಿನ ಪಕ್ಕದಲ್ಲಿ ಗಂಡ, ಹೆಂಡತಿ, ಕೆಲವೊಮ್ಮೆ ಮರುದಿನ ಶಾಲೆಗೆ ಹೋಗಬೇಕಾಗಿದ್ದ ಒಂದು ಮಗು. ಬಸ್ಸಿನ ಫಲಕದಲ್ಲಿ ಬೆಂಗಳೂರು, ಪುಣೆ ಅಥವಾ ಗೋವೆಯ ಯಾವುದೋ ಊರಿನ ಹೆಸರು. ಈ ಪ್ರಯಾಣಕ್ಕೆ ಈ ಸೀಮೆಯ ಜನ ಇಟ್ಟಿರುವ ಹೆಸರು ಗುಳೆ.

ಗುಳೆಯ ಕುರಿತು ಮಾತು ಬಹಳ ನಡೆದಿದೆ. ಎಷ್ಟು ಜನ ಹೋದರು, ಯಾಕೆ ಹೋದರು, ಯಾವ ಸರಕಾರದ ತಪ್ಪು ಎಂಬ ಚರ್ಚೆ ಪ್ರತಿ ಬರಗಾಲದಲ್ಲಿಯೂ ಮರುಕಳಿಸುತ್ತದೆ. ಹೋದವನು ಬಸ್ಸಿನಿಂದ ಇಳಿದ ಮೇಲೆ ಮೊದಲ ಏಳು ದಿನ ಹೇಗೆ ಕಳೆದನು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವನ ಮುಂದಿನ ಬದುಕಿನ ಹೆಚ್ಚಿನ ಸಂಗತಿಗಳು ನಿರ್ಧಾರವಾಗುವುದು ಆ ಏಳು ದಿನಗಳಲ್ಲಿಯೇ. ಎಲ್ಲಿ ಮಲಗುವುದು, ಕೂಲಿಯ ಹಣ ಯಾರ ಕೈಯಲ್ಲಿರುವುದು, ಯಾವ ನೀರು ಕುಡಿಯುವುದು, ಮಗು ಶಾಲೆಗೆ ಹೋಗುವುದೋ ಮರಳಿನ ರಾಶಿಯ ಮೇಲೆ ಆಡುವುದೋ ಎಂಬುದೆಲ್ಲ ಒಂದು ವಾರದಲ್ಲಿ ಗಟ್ಟಿಯಾಗಿಬಿಡುತ್ತದೆ. ಆ ವಾರ ಮಾಡಿದ ಸಾಲ ಇಡೀ ಹಂಗಾಮಿನ ದುಡಿಮೆಯನ್ನು ನುಂಗಬಲ್ಲದು.

ಕನ್ನಡದಲ್ಲಿ ಪರದೇಶಿ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ಮಲಪ್ರಭಾ ತೀರದಿಂದ ಮಹಾನಗರಕ್ಕೆ ಹೋದವನು ತನ್ನದೇ ದೇಶದಲ್ಲಿ, ಬಹಳ ಸಲ ತನ್ನದೇ ರಾಜ್ಯದಲ್ಲಿ, ಈ ಎರಡನೆಯ ಅರ್ಥದ ಪರದೇಶಿಯಾಗುತ್ತಾನೆ. ಇದು ತಪ್ಪಬೇಕಾದರೆ ಅವನನ್ನು ಕಳುಹಿಸುವ ಊರು ಮತ್ತು ಬರಮಾಡಿಕೊಳ್ಳುವ ನಗರ ಎರಡೂ ಅವನ ಲೆಕ್ಕವನ್ನು ಇಡಬೇಕು. ಅದರ ಜೊತೆಗೆ, ಹೋಗುವುದು ಬೇಡವೆನಿಸಿದವನಿಗೆ ಊರಿನಲ್ಲಿಯೇ ನಿಲ್ಲಲು ನೀರು ಉಳಿದಿರಬೇಕು.

ಚೀನಾದ ಎರಡು ಮುಖಗಳು

ನಿಜವಾದ ಪರದೇಶದ ಉದಾಹರಣೆಯೊಂದನ್ನು ಮೊದಲು ನೋಡುವುದು ಉಪಯುಕ್ತ. ಚೀನಾದ ಶಾಂಘೈ ನಗರದ ಜನಸಂಖ್ಯೆ 2020ರ ಜನಗಣತಿಯಂತೆ 2 ಕೋಟಿ 48 ಲಕ್ಷ. ಅಂಥ ನಗರಕ್ಕೆ ಭಾರತದ ಒಬ್ಬ ಎಂಜಿನಿಯರನೋ ವಿದ್ಯಾರ್ಥಿಯೋ ಹೋಗಿ ಇಳಿದರೆ ಮೊದಲ ವಾರ ಅವನಿಗೂ ಕಠಿಣವೇ. ಅಂಗಡಿಯ ಫಲಕದ ಒಂದು ಅಕ್ಷರವೂ ತಿಳಿಯದು. ಒಂದೇ ಉಚ್ಚಾರವನ್ನು ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಮತ್ತೊಂದು. ತರಕಾರಿ ಮಾರುವವರೂ ಹಣವನ್ನು ಮೊಬೈಲಿನಲ್ಲಿಯೇ ಪಡೆಯುವ ಊರಿನಲ್ಲಿ ಸ್ಥಳೀಯ ಬ್ಯಾಂಕ್ ಖಾತೆ ಇಲ್ಲದವನು ಕಿಸೆಯಲ್ಲಿ ದುಡ್ಡಿದ್ದೂ ಪೇಚಿಗೆ ಸಿಲುಕಬಹುದು. ನಲ್ಲಿಯ ನೀರನ್ನು ಅಲ್ಲಿಯವರೇ ಕಾಯಿಸದೆ ಕುಡಿಯುವುದಿಲ್ಲ ಎಂಬುದನ್ನು ಮೊದಲ ದಿನವೇ ಕಲಿಯಬೇಕು.

ಆದರೆ ಅವನು ದಿಕ್ಕಿಲ್ಲದವನಲ್ಲ. 2013ರ ಜುಲೈನಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ, ವಸತಿಗೃಹವಲ್ಲದ ಮನೆಯಲ್ಲಿ ಇಳಿದುಕೊಂಡ ವಿದೇಶೀಯನ ಹೆಸರು, ವಾಸಸ್ಥಳ 24 ಗಂಟೆಗಳೊಳಗೆ ಪೊಲೀಸ್ ಠಾಣೆಯಲ್ಲಿ ನೋಂದಣಿಯಾಗಬೇಕು. ಕರೆಸಿಕೊಂಡ ಕಂಪನಿಗೋ ಕಾಲೇಜಿಗೋ ಅವನ ಹೊಣೆ ಇರುತ್ತದೆ. ಅವನ ದೇಶದ ರಾಯಭಾರ ಕಚೇರಿ ಇರುತ್ತದೆ. 2020ಕ್ಕೆ ಮುಂಚೆ ಚೀನಾದಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 20,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ವೈದ್ಯಕೀಯ ವಿದ್ಯಾರ್ಥಿಗಳು, ಕರ್ನಾಟಕದವರೂ ಅವರಲ್ಲಿದ್ದರು. ವುಹಾನ್ ನಗರದಲ್ಲಿ ಕೊರೊನಾ ಹಬ್ಬಿದಾಗ 2020ರ ಫೆಬ್ರವರಿ ಮೊದಲ ಎರಡು ದಿನಗಳಲ್ಲಿ ಎರಡು ವಿಶೇಷ ವಿಮಾನಗಳು 647 ಭಾರತೀಯರನ್ನು ಕರೆತಂದವು. ಅವರು ಎಲ್ಲಿದ್ದಾರೆ, ಯಾರು ಎಂಬ ಪಟ್ಟಿ ಇದ್ದುದರಿಂದಲೇ ಅದು ಸಾಧ್ಯವಾಯಿತು.

ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಭಾರತದ ನಗರಗಳು ಬಾಗಿಲು ಮುಚ್ಚಿದಾಗ ಲಕ್ಷಾಂತರ ಕೂಲಿಕಾರರು ಹೆದ್ದಾರಿಗಳ ಮೇಲೆ ನಡೆದರು. ದಾರಿಯಲ್ಲಿ ಎಷ್ಟು ಜನ ಸತ್ತರು ಎಂದು ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂದಾಗ ಕೇಂದ್ರ ಕಾರ್ಮಿಕ ಸಚಿವಾಲಯ ನೀಡಿದ ಉತ್ತರ, ಅಂಥ ಮಾಹಿತಿಯನ್ನು ಇಟ್ಟಿಲ್ಲ ಎಂಬುದಾಗಿತ್ತು. ಪರದೇಶದಲ್ಲಿದ್ದವರ ಪಟ್ಟಿ ಇತ್ತು, ಸ್ವದೇಶದಲ್ಲಿ ಅಲೆದವರ ಲೆಕ್ಕ ಇರಲಿಲ್ಲ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿರಲಾರದು.

ಹಾಗೆಂದು ಹೆಸರು ಬರೆದುಕೊಂಡ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದು ತಿಳಿಯಲಾಗದು. ಚೀನಾದ ಎರಡನೆಯ ಮುಖ ಇದನ್ನೇ ಹೇಳುತ್ತದೆ. 1958ರಿಂದ ಅಲ್ಲಿ ಪ್ರತಿಯೊಬ್ಬನ ವಾಸದ ನೋಂದಣಿಯನ್ನು ಹುಟ್ಟಿದ ಊರಿಗೆ ಕಟ್ಟಿಹಾಕುವ ಹುಕೌ ಎಂಬ ವ್ಯವಸ್ಥೆ ನಡೆದುಬಂದಿದೆ. 1980ರಲ್ಲಿ ವಿಶೇಷ ಆರ್ಥಿಕ ವಲಯವೆಂದು ಘೋಷಿತವಾದ ಶೆಂಝೆನ್ 2020ರ ಹೊತ್ತಿಗೆ 1 ಕೋಟಿ 75 ಲಕ್ಷ ಜನರ ನಗರವಾಗಿ ಬೆಳೆಯಿತು. ಅದನ್ನು ಕಟ್ಟಿದವರು ಹಳ್ಳಿಗಳಿಂದ ಬಂದ ಕೂಲಿಕಾರರು. ಆದರೆ ನಗರದ ಶಾಲೆ, ಆಸ್ಪತ್ರೆ, ಪಿಂಚಣಿಗಳಲ್ಲಿ ಅವರಿಗೆ ನಗರವಾಸಿಗಳಷ್ಟು ಹಕ್ಕು ದೊರೆಯಲಿಲ್ಲ. 2003ರ ಮಾರ್ಚ್‌ನಲ್ಲಿ ಹುಬೇ ಪ್ರಾಂತದ ಸುನ್ ಝಿಗಾಂಗ್ ಎಂಬ 27 ವರ್ಷದ ಪದವೀಧರನು ಗ್ವಾಂಗ್‌ಝೌ ನಗರದಲ್ಲಿ ಹೊಸ ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದವು. ತಾತ್ಕಾಲಿಕ ವಾಸದ ಚೀಟಿ ಜೊತೆಗಿಲ್ಲವೆಂದು ಪೊಲೀಸರು ಅವನನ್ನು ಹಿಡಿದೊಯ್ದರು. ಮೂರು ದಿನಗಳಲ್ಲಿ ಅವನು ಬಂಧನದಲ್ಲಿಯೇ ಹೊಡೆತಕ್ಕೆ ಸಿಕ್ಕು ಸತ್ತನು. ಜನ ಸಿಟ್ಟಿಗೆದ್ದರು. ಅದೇ ವರ್ಷ ಸರಕಾರ ಚೀಟಿಯಿಲ್ಲದವರನ್ನು ಹಿಡಿದು ಊರಿಗೆ ಅಟ್ಟುವ ನಿಯಮವನ್ನು ರದ್ದುಪಡಿಸಿತು.

ಹೆಸರು ಬರೆಯುವ ಪುಸ್ತಕ ಕಾವಲಿನ ಪುಸ್ತಕವಾದರೆ ಬಂದವನಿಗೆ ಅದೇ ಉರುಳು. ಹೊಣೆಯ ಪುಸ್ತಕವಾದರೆ ಮಾತ್ರ ಆಸರೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮಲಪ್ರಭಾ ಸೀಮೆಗೆ ಮರಳಬೇಕು.

ಏಳು ದಿನಗಳ ಲೆಕ್ಕ

ರಾಮದುರ್ಗ ತಾಲೂಕಿನ ಒಬ್ಬ ಯುವಕ ತನ್ನ ಹೆಂಡತಿಯೊಡನೆ ಬೆಂಗಳೂರಿಗೆ ಹೋದನೆಂದು ಇಟ್ಟುಕೊಳ್ಳೋಣ. ಇಂಥವರು ಒಬ್ಬರಲ್ಲ, ಊರೂರಿನಲ್ಲಿಯೂ ಇದ್ದಾರೆ. ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದವನನ್ನು ಕಾಯುವವನು ಮೇಸ್ತ್ರಿ. ಅವನು ಬರುವುದು ತಡವಾದರೆ ಗಂಟಿನ ಮೇಲೆ ಕುಳಿತಿರುವುದು. ಶೌಚಕ್ಕೂ ಚಿಲ್ಲರೆ ಬೇಕು ಎಂಬುದು ನಗರ ಕಲಿಸುವ ಮೊದಲ ಪಾಠ.

ಅಂದು ಸಂಜೆಯ ಹೊತ್ತಿಗೆ ಕಟ್ಟುವ ಕಟ್ಟಡದ ಪಕ್ಕದ ತಗಡಿನ ಶೆಡ್ಡೇ ಮನೆ. ಬಾಡಿಗೆ ಖೋಲಿ ಹಿಡಿಯಬೇಕೆಂದರೆ ಹಲವು ತಿಂಗಳ ಬಾಡಿಗೆಯಷ್ಟು ಮುಂಗಡ ಕೊಡಬೇಕು. ಅದು ಅವನಲ್ಲಿ ಇಲ್ಲ. ಅಕ್ಕಿ, ಎಣ್ಣೆ, ಒಲೆಗೆಂದು ಮೇಸ್ತ್ರಿ ಒಂದಿಷ್ಟು ಹಣ ಕೊಡುತ್ತಾನೆ, ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಎರಡನೆಯ ದಿನದಿಂದ ಕೆಲಸ. ಬಿಳಿಜೋಳದ ರೊಟ್ಟಿ ಮೂರು ದಿನಕ್ಕೆ ಮುಗಿಯುತ್ತದೆ. ನಾಲ್ಕನೆಯ ದಿನ ನೀರು ಬದಲಾದುದರಿಂದ ಹೊಟ್ಟೆ ಕೆಡುತ್ತದೆ, ಆ ದಿನದ ಕೂಲಿ ಹೋಗುತ್ತದೆ, ಔಷಧದ ಖರ್ಚು ಚೀಟಿಗೆ ಸೇರುತ್ತದೆ. ಭಾಷೆ ಒಂದೇ ಎಂಬ ಧೈರ್ಯವೂ ಪೂರ್ತಿ ಉಳಿಯುವುದಿಲ್ಲ. ಅವನ ಕನ್ನಡವನ್ನು ಕೇಳಿ ನಗುವವರು ಇರುತ್ತಾರೆ. ಪಕ್ಕದಲ್ಲಿ ಕಬ್ಬಿಣ ಕಟ್ಟುವವರು ಬಿಹಾರ, ಒಡಿಶಾದವರು. ಗೋವೆಗೆ ಹೋದವನಿಗೆ ಕೊಂಕಣಿ, ಪುಣೆಗೆ ಹೋದವನಿಗೆ ಮರಾಠಿ. ಗಡಿಯ ಸೀಮೆಯವನಾದುದರಿಂದ ಒಂದಿಷ್ಟು ತಿಳಿದರೂ, ಹಕ್ಕು ಕೇಳಲು ಬೇಕಾಗುವಷ್ಟು ಬರುವುದಿಲ್ಲ. ಏಳನೆಯ ದಿನ ಮೇಸ್ತ್ರಿ ಲೆಕ್ಕ ಮಾಡಿದಾಗ ಅವನ ಕೈಗೆ ಬರುವುದು ವಾರದ ಖರ್ಚಿನಷ್ಟು ಹಣ, ಉಳಿದದ್ದು ಬಾಕಿ. ಬಾಕಿ ತೀರುವತನಕ ಅವನು ಬೇರೆ ಕಡೆ ಹೋಗುವಂತಿಲ್ಲ.

ಕಾನೂನುಗಳು ಇಲ್ಲವೆಂದಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರ ಕಾಯ್ದೆ ಬಂದಿತು, 2007ರಲ್ಲಿ ಕರ್ನಾಟಕದ ಕಲ್ಯಾಣ ಮಂಡಳಿ ರಚನೆಯಾಯಿತು. ಆದರೆ ಮಂಡಳಿಯ ಸದಸ್ಯನಾಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಆ ಕೆಲಸ ಮಾಡಿರಬೇಕು. ಹೊಸಬನು ಎಲ್ಲಕ್ಕಿಂತ ಹೆಚ್ಚು ಅಸಹಾಯಕನಾಗಿರುವ ಮೊದಲ ವಾರವೇ ಆ ರಕ್ಷಣೆಯ ಹೊರಗೆ ಉಳಿಯುತ್ತದೆ. 1979ರ ವಲಸೆ ಕಾರ್ಮಿಕರ ಕಾಯ್ದೆ ರಾಜ್ಯದ ಗಡಿ ದಾಟಿದವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತು. 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಗಳಲ್ಲಿಯೂ ವಲಸೆ ಎಂದರೆ ಅಂತರರಾಜ್ಯ ವಲಸೆಯೇ. ಹೀಗಾಗಿ ಬೈಲಹೊಂಗಲದಿಂದ ನೆರೆಯ ಗೋವೆಗೆ ಹೋದವನು ಕಾನೂನಿನ ಕಣ್ಣಿಗೆ ವಲಸಿಗ, ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋದವನು ಅಲ್ಲ. ಪಡಿತರ ಚೀಟಿಯನ್ನು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ತೋರಿಸಿ ಧಾನ್ಯ ಪಡೆಯಬಹುದು. ಆದರೆ ಹೊರಡುವ ಸಂಜೆ ಇದನ್ನು ಅವನಿಗೆ ಹೇಳುವವರು ಯಾರು?

ಒಂದೇ ಹೊಳೆಯ ಎರಡು ದಡ

ಇನ್ನು ನೀರಿನ ಮಾತು. ಗುಡ್ಡಗಾಡಿನ ಓದುಗರಿಗೆ ಇದು ನೇರವಾಗಿ ಸಂಬಂಧಿಸಿದ್ದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳು ಮಲಪ್ರಭೆಯ ಮಡಿಲಿನವು. ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಈ ಹೊಳೆ ಸುಮಾರು 300 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಕಿತ್ತೂರಿನ ಭತ್ತದ ಗದ್ದೆಗಳಿಂದ ಪೂರ್ವಕ್ಕೆ ಬೈಲಹೊಂಗಲದ ಹತ್ತಿಯ ಎರೆಹೊಲ, ಸವದತ್ತಿಯ ಜೋಳ ಕಡಲೆಯ ಹೊಲಗಳನ್ನು ದಾಟಿ ರಾಮದುರ್ಗದ ಕಲ್ಲುಗುಡ್ಡಗಳತ್ತ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ. ಮಳೆ ಕಡಿಮೆಯಾದಷ್ಟೂ ಹೊಳೆಯ ಮೇಲಿನ ಅವಲಂಬನೆ ಹೆಚ್ಚು.

ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ 1970ರ ದಶಕದಲ್ಲಿ ಸಿದ್ಧವಾದ ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಅದಕ್ಕಾಗಿ ನದಿತೀರದ ಹಳ್ಳಿಗಳ ಜನ ಮನೆ, ಹೊಲ ಬಿಟ್ಟು ಹೊಸ ಜಾಗದಲ್ಲಿ ಒಲೆ ಹೂಡಿದರು. ಈ ಸೀಮೆಯಲ್ಲಿ ಸರಕಾರವೇ ಏರ್ಪಡಿಸಿದ ಪರದೇಶವಾಸ ಅದು. ಕಾಲುವೆಯ ನೀರು ಸರಿಯಾಗಿ ಬರುವ ಮುನ್ನವೇ ಅಭಿವೃದ್ಧಿ ಕರ ಬಂದುದರಿಂದ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ಹತ್ತಿ, ಜೋಳದಂತಹ ಹಗುರ ಬೆಳೆಗಳನ್ನು ಎದುರಿಟ್ಟು ಯೋಜಿಸಿದ ನೀರಾವರಿಯಲ್ಲಿ ಕಬ್ಬು ಹಬ್ಬಿತು. ಜಲಾಶಯದ ಮೇಲ್ಭಾಗದಲ್ಲಿಯೂ ಹೊಳೆಯ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು ಹೆಚ್ಚಿದವು. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಹೋಗುವುದೂ ಈ ಜಲಾಶಯದಿಂದಲೇ. ಹಲವು ವರ್ಷ ಅದು ತುಂಬಲೇ ಇಲ್ಲ. 2019ರ ಆಗಸ್ಟ್‌ನಲ್ಲಿ ಮಾತ್ರ ಹೊಳೆ ಒಮ್ಮೆಲೇ ಉಕ್ಕಿ ರಾಮದುರ್ಗ ಪಟ್ಟಣಕ್ಕೂ ದಂಡೆಯ ಹಳ್ಳಿಗಳಿಗೂ ನುಗ್ಗಿತು. ನಾಲ್ಕು ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನೆರೆ ಬಂದರೂ ಗುಳೆ, ಬರ ಬಂದರೂ ಗುಳೆ.

ಇಲ್ಲಿ ಗುಡ್ಡದ ಜನರಿಗೆ ಒಂದು ಅಹಿತಕರ ಪ್ರಶ್ನೆ ಇದೆ. ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯನ್ನು ಕಾಡಿನ ಹಿತದೃಷ್ಟಿಯಿಂದ ಪರಿಸರವಾದಿಗಳು ವಿರೋಧಿಸುತ್ತ ಬಂದಿದ್ದಾರೆ. ಬಯಲಿನ ರೈತರು ಅದಕ್ಕಾಗಿ ವರ್ಷಗಟ್ಟಲೆ ಧರಣಿ ಕುಳಿತಿದ್ದಾರೆ. 2018ರ ಆಗಸ್ಟ್‌ನ ಮಹದಾಯಿ ನ್ಯಾಯಮಂಡಳಿಯ ತೀರ್ಪು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ನೀಡಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ಕಾಡನ್ನು ಕಡಿದರೆ ಹೊಳೆಯ ಮೂಲವೇ ಬತ್ತುತ್ತದೆ ಎಂಬ ಗುಡ್ಡದವರ ಮಾತು ಸತ್ಯ. ಆದರೆ ಆ ಮಾತನ್ನು ಆಡುವವರು ರಾಮದುರ್ಗದ ಬಸ್ ನಿಲ್ದಾಣದ ಗಂಟುಗಳನ್ನು ಕಣ್ಣಮುಂದೆ ಇಟ್ಟುಕೊಂಡು ಆಡಬೇಕು. ಬೇಡ ಎಂದಷ್ಟೇ ಹೇಳಿದರೆ ಸಾಲದು, ಬದಲಿಗೆ ಏನು ಎಂಬುದನ್ನೂ ಹೇಳಬೇಕು. ಹಾಗೆಯೇ ನೀರು ಬೇಕು ಎನ್ನುವವರೂ ತಮ್ಮ ದಂಡೆಯ ಕಬ್ಬಿನ ಲೆಕ್ಕವನ್ನು ಕೊಡಬೇಕು. ಜಲಾಶಯದ ಮೇಲ್ಭಾಗದ ಕಬ್ಬಿನ ಹೊಲ ಕುಡಿದ ನೀರು ರಾಮದುರ್ಗದ ಹೊಲವನ್ನು ಮುಟ್ಟುವುದಿಲ್ಲ. ಬಯಲಿನೊಳಗಿನ ಈ ಅನ್ಯಾಯವನ್ನು ಮುಚ್ಚಿಟ್ಟು ಗುಡ್ಡದ ಹಳ್ಳಗಳ ಕಡೆಗಷ್ಟೇ ಬೆರಳು ತೋರಿಸುವುದು ಪ್ರಾಮಾಣಿಕವಲ್ಲ.

ಹೋದವನಿಗೆ ನಗರದಲ್ಲಿಯೂ ನೀರಿನ ಕಥೆ ಬಿಡುವುದಿಲ್ಲ. ಬೆಂಗಳೂರು ಕುಡಿಯುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನ ಮೂಲಕ ಏರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಸೇರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಪೂರೈಕೆಗೆ ಏರ್ಪಾಡಾಯಿತು. ತಗಡಿನ ಶೆಡ್ಡಿಗೆ ಮಾತ್ರ ಟ್ಯಾಂಕರಿನ ನೀರೇ ಗತಿ. ಚೀನಾದ ಬೀಜಿಂಗ್ ನಗರಕ್ಕೆ 2014ರ ಡಿಸೆಂಬರಿನಿಂದ ದಕ್ಷಿಣದ ಡಾನ್‌ಜಿಯಾಂಗ್‌ಕೌ ಜಲಾಶಯದ ನೀರು 1,200 ಕಿಲೋಮೀಟರಿಗೂ ಹೆಚ್ಚು ದೂರ ಕಾಲುವೆಯಲ್ಲಿ ಹರಿದು ಬರುತ್ತಿದೆ. ಆ ಅಣೆಕಟ್ಟೆಯನ್ನು ಎತ್ತರಿಸಲು 3 ಲಕ್ಷಕ್ಕೂ ಹೆಚ್ಚು ಜನ ಊರು ಬಿಡಬೇಕಾಯಿತು. ಮಹಾನಗರ ಹಳ್ಳಿಯಿಂದ ಮೊದಲು ನೀರನ್ನು ಕರೆಯುತ್ತದೆ, ನಂತರ ಜನರನ್ನು ಕರೆಯುತ್ತದೆ. ನೀರಿಗೆ ಕೊಳವೆ ಹಾಕುವ ಮುನ್ನ ವರ್ಷಗಟ್ಟಲೆ ಯೋಜನೆ ನಡೆಯುತ್ತದೆ. ಜನರಿಗೆ ಅಂಥ ಯಾವ ಯೋಜನೆಯೂ ಇಲ್ಲ.

ಹೋಗುವ ಹಕ್ಕು, ಉಳಿಯುವ ಹಕ್ಕು

ಗುಳೆಯನ್ನು ಸಂಪೂರ್ಣ ಕೆಡುಕೆಂದು ಬಗೆಯುವುದು ಪರಿಸರ ಚಳವಳಿಯಲ್ಲಿ ಆಗಾಗ ಕಾಣುವ ದೋಷ. ಊರಿನಲ್ಲಿ ಎಲ್ಲರಿಗೂ ನೆಮ್ಮದಿ ಇತ್ತು, ನಗರ ಅದನ್ನು ಕಸಿದುಕೊಂಡಿತು ಎಂಬ ಚಿತ್ರ ಸುಂದರ, ಆದರೆ ಅರ್ಧ ಸುಳ್ಳು. ಹೊಲವಿಲ್ಲದವನಿಗೆ, ಊರ ಬಾವಿಯಿಂದ ದೂರ ನಿಲ್ಲಬೇಕಾಗಿದ್ದವನಿಗೆ, ಮೇಲಿನವರ ಅಂಗಳದಲ್ಲಿ ಚಪ್ಪಲಿ ಕಳಚಬೇಕಾಗಿದ್ದವನಿಗೆ ನಗರದ ಅಪರಿಚಿತತನವೇ ಒಂದು ಬಿಡುಗಡೆ. ನರ್ಸಿಂಗ್ ಓದಿ ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಬೈಲಹೊಂಗಲ ಸೀಮೆಯ ಹುಡುಗಿಗೆ ಮೊದಲ ವಾರ ಭಯ ತಂದರೂ ಮೊದಲ ಸಂಬಳ ಧೈರ್ಯ ತರುತ್ತದೆ. ಇವರಿಗೆಲ್ಲ ಹಳ್ಳಿಯಲ್ಲಿಯೇ ಇರಿ ಎಂದು ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಆದರೆ ತಾನಾಗಿ ಹೋಗುವುದು ಬೇರೆ, ಬೋರು ಬತ್ತಿ ಅಟ್ಟಿಸಿಕೊಂಡು ಹೋಗುವುದು ಬೇರೆ. ಹೋಗುವವನಿಗೆ ಗೌರವದಿಂದ ಹೋಗುವ ಹಕ್ಕು ಬೇಕು, ಹೋಗಲೊಲ್ಲದವನಿಗೆ ಉಳಿಯುವ ಹಕ್ಕು ಬೇಕು. ಊರಿನಲ್ಲಿ ನಿಂತು ಬಾಳಬಹುದೆಂಬ ಧೈರ್ಯ ಬೆನ್ನಿಗಿದ್ದವನು ಮೇಸ್ತ್ರಿಯ ಮುಂದೆ ಕೂಲಿಯ ದರ ಕೇಳಬಲ್ಲ. ಹಿಂದೆ ಒಣಹೊಲ, ಮುಂದೆ ಬಾಕಿ ಚೀಟಿ ಇದ್ದವನು ಕೇಳಲಾರ. ಹಾಗಾಗಿ ಊರಿನ ಕೆರೆಯ ಹೂಳಿಗೂ ನಗರದ ಶೆಡ್ಡಿನ ಮೊದಲ ವಾರಕ್ಕೂ ನೇರ ಸಂಬಂಧವಿದೆ.

ಬಂದವರನ್ನು ಬರಮಾಡಿಕೊಳ್ಳುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಭಕ್ತರು ಬರುತ್ತಾರೆ. ಗುಡ್ಡ ಕೆಲವು ದಿನ ಒಂದು ನಗರವೇ ಆಗುತ್ತದೆ. ಹೊಸದಾಗಿ ಬಂದವನಿಗೆ ಮೊದಲ ದಿನ ಬೇಕಾದದ್ದು ನೀರು, ನೆರಳು, ಶೌಚ, ದಾರಿ ತೋರಿಸುವವರು ಎಂಬುದನ್ನು ಸವದತ್ತಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಇದೇ ಜಿಲ್ಲೆಗೆ ಕಾರ್ಖಾನೆಗಳ ಹಂಗಾಮಿನಲ್ಲಿ ಬೀಡ, ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡ ಆ ಜನರ ಮೊದಲ ವಾರ ಹೇಗಿರುತ್ತದೆ? ಅವರ ಹೆಂಗಸರು ಸ್ನಾನಕ್ಕೆ ಎಲ್ಲಿಗೆ ಹೋಗುತ್ತಾರೆ, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಬೆಂಗಳೂರನ್ನು ದೂರುವ ಮೊದಲು ಕಿತ್ತೂರು, ಬೈಲಹೊಂಗಲದ ಕಬ್ಬಿನ ಊರುಗಳು ಈ ಪ್ರಶ್ನೆಗೆ ಉತ್ತರಿಸಬೇಕು. ತನ್ನ ಊರಿಗೆ ಬಂದ ಪರದೇಶಿಯನ್ನು ಕಾಣದವನಿಗೆ, ಪರದೇಶಿಯಾಗಿ ಹೋದ ತನ್ನವನ ಕಷ್ಟವೂ ಅರ್ಥವಾಗದು.

ಆಗಬೇಕಾದದ್ದು

ಮೊದಲನೆಯದಾಗಿ, ಪ್ರತಿ ಗ್ರಾಮ ಪಂಚಾಯತಿಯಲ್ಲಿ ಹೊರಟವರ ಒಂದು ದಾಖಲೆ ಪುಸ್ತಕ ಇರಬೇಕು. ಯಾರು, ಯಾವ ಊರಿಗೆ, ಯಾವ ಮೇಸ್ತ್ರಿಯ ಜೊತೆ, ಎಷ್ಟು ಮುಂಗಡಕ್ಕೆ ಎಂಬ ನಾಲ್ಕು ಸಾಲು ಸಾಕು. ಇದು ಹೋಗುವವನ ಇಚ್ಛೆಗೆ ಬಿಟ್ಟದ್ದಾಗಿರಬೇಕು. ಪೊಲೀಸರಿಗೆ ತೋರಿಸುವ ಪುಸ್ತಕ ಇದಲ್ಲ, ಅವನ ಮನೆಯವರು ಬಂದು ಕೇಳಿದಾಗ ತೆರೆಯುವ ಪುಸ್ತಕ. ಗ್ವಾಂಗ್‌ಝೌದ ಸಾವು ಕಲಿಸಿದ ಎಚ್ಚರ ಇಲ್ಲಿಯೂ ಬೇಕು. ಹೊರಡುವ ದಿನವೇ ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕಗಳ ಪ್ರತಿ ತೆಗೆದುಕೊಡುವುದು, ಕಲ್ಯಾಣ ಮಂಡಳಿಗೆ ಬೇಕಾಗುವ ಕೆಲಸದ ದಿನಗಳನ್ನು ಬರೆದಿಡಲು ಒಂದು ಸಣ್ಣ ಪುಸ್ತಕ ಕೊಡುವುದು ಪಂಚಾಯತಿಗೆ ಭಾರವಾಗದ ಕೆಲಸ.

ಎರಡನೆಯದಾಗಿ, ಹೆಚ್ಚು ಜನರನ್ನು ಕರೆಸಿಕೊಳ್ಳುವ ನಗರಗಳಲ್ಲಿ ಮೊದಲ ವಾರದ ತಂಗುದಾಣಗಳು ಬೇಕು. ಹಾಸಿಗೆ, ನೀರು, ಶೌಚ, ಕಾಗದಪತ್ರ ಮಾಡಿಕೊಡುವ ಒಬ್ಬ ಗುಮಾಸ್ತ ಅಲ್ಲಿರಬೇಕು. ಮೇಸ್ತ್ರಿಯ ಚೀಟಿಯಿಲ್ಲದೆ ಏಳು ರಾತ್ರಿ ಮಲಗಲು ಜಾಗ ಸಿಕ್ಕಿದವನು ಎಂಟನೆಯ ದಿನ ಕೆಲಸವನ್ನು ತಾನೇ ಆಯ್ದುಕೊಳ್ಳಬಲ್ಲ. ಗುಳೆ ಹೋದವರ ಮಕ್ಕಳಿಗಾಗಿ ಊರಿನಲ್ಲಿಯೇ ಹಂಗಾಮಿ ವಸತಿ ಶಾಲೆ ನಡೆಸುವ ಪದ್ಧತಿಯನ್ನು ಉತ್ತರ ಕರ್ನಾಟಕದಲ್ಲಿ ಹಿಂದೆಯೇ ಅಲ್ಲಲ್ಲಿ ಪ್ರಯೋಗಿಸಲಾಗಿದೆ. ರಾಮದುರ್ಗ, ಸವದತ್ತಿಗಳಲ್ಲಿ ಅದನ್ನು ಗಟ್ಟಿಯಾಗಿ ಕೇಳಬೇಕು.

ಮೂರನೆಯದಾಗಿ, ನೀರು. ಗುಡ್ಡದಲ್ಲಿ ಕಾಡು, ಇಳಿಜಾರಿನಲ್ಲಿ ಬದು ಒಡ್ಡು, ಬಯಲಿನಲ್ಲಿ ಕೆರೆ ಹೊಂಡ, ಕಾಲುವೆಯ ಮೇಲೆ ಕಬ್ಬಿಗೆ ಮಿತಿ. ಈ ನಾಲ್ಕನ್ನೂ ಒಂದೇ ಹೊಳೆಯ ಕೆಲಸವೆಂದು ತಿಳಿಯಬೇಕು. ಗುಡ್ಡದ ಹಳ್ಳಿಯೂ ರಾಮದುರ್ಗದ ಹಳ್ಳಿಯೂ ಒಟ್ಟಿಗೆ ಕುಳಿತು ಮಲಪ್ರಭೆಯ ಬಗ್ಗೆ ಮಾತಾಡುವ ಸಭೆಗಳು ನಡೆಯಬೇಕು. ಇಲ್ಲಿಯವರೆಗೆ ಗುಡ್ಡದವರು ಗುಡ್ಡದಲ್ಲಿ, ಬಯಲಿನವರು ಹೆದ್ದಾರಿಯಲ್ಲಿ ಬೇರೆ ಬೇರೆಯಾಗಿ ಕುಳಿತಿದ್ದಾರೆ.

ವಿದ್ಯಾರ್ಥಿಗಳ ಪಾಲು ಇದರಲ್ಲಿ ದೊಡ್ಡದು. ಪದವಿ ಮುಗಿಸಿದ ಮೇಲೆ ಅವರಲ್ಲಿ ಅನೇಕರು ಅದೇ ರಾತ್ರಿ ಬಸ್ಸು ಹಿಡಿಯುವವರೇ. ರಜೆಯಲ್ಲಿ ತಮ್ಮ ಊರಿನ ಹತ್ತು ಮನೆಗಳಿಗೆ ಹೋಗಿ, ಮೊದಲ ವಾರ ಏನಾಯಿತು ಎಂಬ ಒಂದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆದಿಟ್ಟರೆ ಪಂಚಾಯತಿಯ ಮುಂದೆ ಇಡಲು ಒಂದು ಗಟ್ಟಿ ದಾಖಲೆ ಸಿದ್ಧವಾಗುತ್ತದೆ.

2020ರ ಮೇ ತಿಂಗಳ ಆರಂಭದಲ್ಲಿ ಬೆಂಗಳೂರಿನ ಕೂಲಿಕಾರರನ್ನು ಉಚಿತ ಬಸ್ಸುಗಳಲ್ಲಿ ಅವರವರ ಊರಿಗೆ ಕಳುಹಿಸಲಾಯಿತು. ಆ ದಿನಗಳಲ್ಲಿ ಅನೇಕ ಹಳ್ಳಿಗಳು ತಮ್ಮ ದಾರಿಗೆ ಮುಳ್ಳುಕಂಟಿ ಹಚ್ಚಿದ್ದವು. ಹೊರಗಿನಿಂದ ಬಂದವರು ತಾವು ಓದಿದ್ದ ಶಾಲೆಯ ಕೋಣೆಗಳಲ್ಲಿ, ಮನೆಯವರನ್ನು ದೂರದಿಂದ ನೋಡುತ್ತ ದಿನ ಎಣಿಸಿದ ಉದಾಹರಣೆಗಳು ಬಹಳ. ಹುಟ್ಟಿದ ಊರಿನಲ್ಲಿಯೂ ಅವರಿಗೆ ಒಂದು ಮೊದಲ ವಾರ ಬಂದಿತು. ಆ ಶಾಲೆಯ ಬಾಗಿಲಿಗೆ ಯಾರು ಅನ್ನ ತಂದಿಟ್ಟರು, ಯಾರು ಮುಖ ತಿರುಗಿಸಿದರು ಎಂಬುದನ್ನು ಹಳ್ಳಿಗಳು ಇನ್ನೂ ಮರೆತಿಲ್ಲ. ಮುಂದಿನ ಗಂಟು ಬಸ್ಸನ್ನು ಏರುವ ಮುನ್ನ ಪಂಚಾಯತಿಯ ಆ ಪುಸ್ತಕ ತೆರೆಯಲಿ.